ಹಾರೋಣವಾ, ಓಡಿಸೋಣವಾ?

ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೇ ಬೇಸಿಗೆ ರಜೆಯ ಮಾತು ಶುರುವಾಗಿತ್ತು. ಜೂನ್ ಹೊತ್ತಿಗೆ ಮಕ್ಕಳ ಶಾಲೆ ಮುಗಿಯುತ್ತದೆ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವುದೂ ಆಗಲೇ. ಚಿಕಾಗೋ ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ ಒಂದಲ್ಲ ಒಂದು ವರ್ಷ ವಯೋಮಿಂಗ್ ಕಡೆಯ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹೆಸರು ಬಂದೇ ಬರುತ್ತದೆ. ಅದರ ಬೆನ್ನಿಗೇ ಈ ಪ್ರಶ್ನೆ: ಕಾರಲ್ಲಿ ಹೋಗೋದಾ, ಫ್ಲೈಟಲ್ಲಾ?

ಈ ಸಂಚಿಕೆ ಕೈಗೆ ಬರುವ ಹೊತ್ತಿಗೆ ಕೆಲವರು ಟಿಕೆಟ್ ತೆಗೆದಿರಬಹುದು. ಇನ್ನೂ ಲೆಕ್ಕ ಹಾಕುತ್ತಾ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಲ್ಲಿ ಹೋಗುವುದೂ ಒಳ್ಳೆಯದೇ, ವಿಮಾನವೂ ಒಳ್ಳೆಯದೇ. ರಾತ್ರಿಯೆಲ್ಲ ಓಡಿಸಿಕೊಂಡು ಹೋಗುವುದು ಮಾತ್ರ ಬೇಡ. ನಮ್ಮವರಲ್ಲಿ ಈ ಮೂರನೇ ದಾರಿ ಹಿಡಿಯುವವರನ್ನು ನಾನು ತುಂಬಾ ನೋಡಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಇಲ್ಲಿಂದ ಯೆಲ್ಲೋಸ್ಟೋನ್‌ಗೆ ಹೆಚ್ಚುಕಮ್ಮಿ 1,400 ಮೈಲಿ. ಹೋಗಿ, ಒಳಗೆ ಸುತ್ತಾಡಿ, ವಾಪಸ್ ಬರಲು 3,200 ಮೈಲಿ ಎಂದಿಟ್ಟುಕೊಳ್ಳಿ. ಗ್ಯಾಲನ್ನಿಗೆ 25 ಮೈಲಿ ಕೊಡುವ ಮಿನಿವ್ಯಾನ್‌ಗೆ 128 ಗ್ಯಾಲನ್ ಗ್ಯಾಸ್ ಬೇಕು. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೆ ಸುಮಾರು 450 ಡಾಲರ್ ಆಯಿತು. ಅಜ್ಜ-ಅಜ್ಜಿ ಸೇರಿ ಆರು ಜನ ಇದ್ದು, ಟಿಕೆಟ್ ತಲಾ 400 ಡಾಲರ್ ಇದ್ದರೆ ವಿಮಾನಕ್ಕೇ 2,400. ಮೇಲೆ ಬಾಡಿಗೆ ಕಾರು. ಇಷ್ಟು ನೋಡಿದ ಕೂಡಲೇ "ಕಾರೇ ಸರಿ ಬಿಡಿ" ಎಂದು ಮಾತು ಮುಗಿಯುತ್ತದೆ.

ಆದರೆ ಇದರಲ್ಲಿ ಇರುವುದು ಬರೀ ಗ್ಯಾಸಿನ ಖರ್ಚು. ಟೈರು ಸವೆಯುತ್ತದೆ, ಆಯಿಲ್ ಬದಲಿಸಬೇಕು, ಮೈಲಿ ಏರಿದಷ್ಟೂ ಕಾರಿನ ಬೆಲೆ ಇಳಿಯುತ್ತದೆ. ಆಫೀಸಿನ ಕೆಲಸಕ್ಕೆ ಸ್ವಂತ ಕಾರು ಓಡಿಸಿದವರಿಗೆ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ 2025ರಲ್ಲಿ ಗೊತ್ತು ಮಾಡಿದ್ದ ದರ ಮೈಲಿಗೆ 70 ಸೆಂಟ್. ಆ ದರದಲ್ಲಿ 3,200 ಮೈಲಿಗೆ 2,240 ಡಾಲರ್. ಕಾರು ಗರಾಜಿನಲ್ಲೇ ನಿಂತಿದ್ದರೂ ಕಟ್ಟಲೇಬೇಕಾದ ಇನ್ಶೂರೆನ್ಸ್‌ನಂಥ ಖರ್ಚೂ ಅದರಲ್ಲಿ ಸೇರಿದೆ. ಹಾಗಾಗಿ ನಮಗೆ ನಿಜವಾಗಿ ಬೀಳುವುದು 450ಕ್ಕೂ 2,240ಕ್ಕೂ ನಡುವೆ ಎಲ್ಲೋ. ಇನ್ನು ಹೋಗುವಾಗ ಎರಡು ರಾತ್ರಿ, ಬರುವಾಗ ಎರಡು ರಾತ್ರಿ ತಂಗಬೇಕು. ಆರು ಜನಕ್ಕೆ ಎರಡು ರೂಮು. ಇದೆಲ್ಲ ಕೂಡಿಸಿದ ಮೇಲೂ ಆರು ಜನರ ಮನೆಗೆ ಕಾರಿನಲ್ಲಿ ಸ್ವಲ್ಪ ಉಳಿಯಬಹುದು. ನಾಲ್ಕು ಜನಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಗಂಡ-ಹೆಂಡತಿ ಇಬ್ಬರೇ ಆದರೆ ವಿಮಾನವೇ ಅಗ್ಗವಾದರೂ ಆದೀತು.

ಆ ನಾಲ್ಕು ರಾತ್ರಿಯ ರೂಮಿನ ಖರ್ಚು ಕಣ್ಣಿಗೆ ಬೀಳುತ್ತಿದ್ದ ಹಾಗೇ ಮನೆಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: "ರೂಮ್ ಯಾಕೆ ಸುಮ್ನೆ? ಶುಕ್ರವಾರ ಸಂಜೆ ಹೊರಟರೆ ರಾತ್ರಿಯೆಲ್ಲ ಓಡಿಸಿಬಿಡಬಹುದು. ಮಕ್ಕಳು ಹೇಗೂ ಮಲಗಿರುತ್ತವೆ."

ರಾತ್ರಿ ಪ್ರಯಾಣದ ಈ ಅಭ್ಯಾಸ ನಾವು ಊರಿಂದಲೇ ತಂದದ್ದು. ಊಟ ಮುಗಿಸಿ ಮೆಜೆಸ್ಟಿಕ್‌ಗೆ ಬಂದರೆ ಮಂಗಳೂರು, ಹುಬ್ಬಳ್ಳಿ, ಧರ್ಮಸ್ಥಳ, ಬೀದರ್, ಯಾವ ಕಡೆಗೆ ಬೇಕಾದರೂ ಬಸ್ಸು. ಹತ್ತಿ ಮಲಗಿದರೆ ಬೆಳಿಗ್ಗೆ ಊರು. ಲಾಡ್ಜಿನ ಖರ್ಚಿಲ್ಲ, ಹಗಲೂ ಹಾಳಾಗುವುದಿಲ್ಲ. ಎಷ್ಟೋ ಮದುವೆ, ಗೃಹಪ್ರವೇಶ, ಜಾತ್ರೆಗಳಿಗೆ ನಾವೆಲ್ಲ ಹೋಗಿ ಬಂದದ್ದು ಹೀಗೇ ಅಲ್ವಾ? ಆದರೆ ಆ ಬಸ್ಸಿನಲ್ಲಿ ನಾವು ಮಲಗಿರುತ್ತಿದ್ದೆವು. ಓಡಿಸುತ್ತಿದ್ದವರು ಅದೇ ಕೆಲಸದಲ್ಲಿ ಪಳಗಿದ ಡ್ರೈವರು. ದೂರದ ರೂಟಾದರೆ ಇಬ್ಬರು ಡ್ರೈವರು ಇರುತ್ತಿದ್ದರು. ಒಬ್ಬರು ಓಡಿಸುವಾಗ ಇನ್ನೊಬ್ಬರ ನಿದ್ದೆ.

ಇಲ್ಲಿ ಓಡಿಸುವವರು ಬೆಳಿಗ್ಗೆ ಆರಕ್ಕೆ ಎದ್ದು, ಸಂಜೆ ಐದರ ತನಕ ಮೀಟಿಂಗಿನಲ್ಲಿ ಕೂತು, ಆಮೇಲೆ ಸಾಮಾನು ತುಂಬಿ ಹೊರಟವರು. ರಾತ್ರಿ 11ಕ್ಕೆ ಅವರು ಎದ್ದು 17 ಗಂಟೆ ಆಗಿರುತ್ತದೆ. ಅಷ್ಟು ಹೊತ್ತು ನಿದ್ದೆಗೆಟ್ಟವರ ಸ್ಥಿತಿ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಹಾಗೆ ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಪೂರ್ತಿ 24 ಗಂಟೆ ಆದರೆ 0.10. ನಮ್ಮ ಇಲಿನಾಯ್‌ನಲ್ಲಿ ಕುಡಿದು ಓಡಿಸಿದ ಕೇಸು ಬೀಳುವುದು 0.08ಕ್ಕೆ. ಒಂದು ಗ್ಲಾಸ್ ಬಿಯರ್ ಕುಡಿದು ಸ್ಟಿಯರಿಂಗ್ ಮುಟ್ಟದ ನಮ್ಮ ಮನೆಯವರು, ಶನಿವಾರ ಬೆಳಿಗ್ಗೆ ಆರಕ್ಕೆ ಸೌತ್ ಡಕೋಟಾದ ನಡುಮಧ್ಯೆ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ, ಹಿಂದೆ ಇಡೀ ಸಂಸಾರ ಮಲಗಿರುವಾಗ ಓಡಿಸುತ್ತಿರುತ್ತಾರೆ. ಅಲ್ಲಿ ಇಂಟರ್‌ಸ್ಟೇಟಿನ ವೇಗದ ಮಿತಿ ಗಂಟೆಗೆ 80 ಮೈಲಿ. ಆ ವೇಗದಲ್ಲಿ ನಾಲ್ಕೇ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು 450 ಅಡಿಗೂ ಮುಂದೆ ಹೋಗಿರುತ್ತದೆ.

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವುಗಳೇ ನಿದ್ದೆ ಬಿಡಿಸುತ್ತವೆ. ನಾವು ಹೋಗುವ ಇಂಟರ್‌ಸ್ಟೇಟ್ ಐ-90ರಲ್ಲಿ ತಿರುವೇ ಇಲ್ಲ. ನೇರ ರಸ್ತೆ, ಒಂದೇ ಸಮನೆ ಟೈರಿನ ಸದ್ದು, ಬೆಚ್ಚಗಿನ ಕಾರು. ಮೇಲೆ, ಕತ್ತಲಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ. ಲಾರಿ ಓಡಿಸುವುದೇ ಕೆಲಸವಾದವರಿಗೆ ಇಲ್ಲಿನ ಕೇಂದ್ರ ಸರ್ಕಾರದ ಕಾನೂನು ಏನು ಹೇಳುತ್ತದೆ ನೋಡಿ. ಹತ್ತು ಗಂಟೆ ವಿಶ್ರಾಂತಿ ಆದ ಮೇಲೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. ನಡುವೆ ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. ಕಸುಬಿನವರಿಗೇ ಇಷ್ಟು ಕಟ್ಟುಪಾಡು ಇರುವಾಗ ವರ್ಷಕ್ಕೊಮ್ಮೆ ದೂರ ಓಡಿಸುವ ನಾವು ಇಪ್ಪತ್ತು ಗಂಟೆಯ ಪ್ಲಾನ್ ಹಾಕಬಾರದು. ಅಮೆರಿಕದ ರಸ್ತೆಗಳಲ್ಲಿ 2023ರಲ್ಲಿ ಸತ್ತವರು 40 ಸಾವಿರಕ್ಕೂ ಹೆಚ್ಚು. ಇಂಥ ಸುದ್ದಿ ಊರಿಗೆ ತಿಳಿಸುವ ಫೋನ್ ಯಾರ ಮನೆಯಿಂದಲೂ ಹೋಗುವುದು ಬೇಡ.

ಹಾಗಾದರೆ ಯಾರು ಓಡಿಸಬೇಕು, ಯಾರು ಹಾರಬೇಕು? ಬ್ಯಾಂಕ್ ಖಾತೆಗಿಂತ ಮೊದಲು ರಜೆಯ ಲೆಕ್ಕ ನೋಡಿ. ನಮಗೆ ದುಡ್ಡಿಗಿಂತ ರಜೆ ತುಟ್ಟಿ. ವರ್ಷಕ್ಕೆ ಸಿಗುವ ಮೂರು ವಾರದಲ್ಲಿ ದೊಡ್ಡ ಪಾಲನ್ನು ಊರಿಗೆ ಹೋಗಲು ಎತ್ತಿಡಬೇಕು. ಒಂದು ವಾರದ ರಜೆಗೆ ಎರಡೂ ಕಡೆಯ ವಾರಾಂತ್ಯ ಸೇರಿಸಿದರೆ ಒಂಬತ್ತು ದಿನ. ಹಗಲಷ್ಟೇ ಓಡಿಸಿದರೆ ಹೋಗಿ ಬರಲು ಐದಾರು ದಿನ ಬೇಕು. ಉಳಿದ ಮೂರು-ನಾಲ್ಕು ದಿನಕ್ಕೆ ಯೆಲ್ಲೋಸ್ಟೋನ್ ಹಿಡಿಸುವುದಿಲ್ಲ. ಎಂಟರ ಆಕಾರದ ಒಳಗಿನ ಮುಖ್ಯ ರಸ್ತೆಯೇ 142 ಮೈಲಿ, ವೇಗದ ಮಿತಿ 45, ಕಾಡೆಮ್ಮೆ ಹಿಂಡು ರಸ್ತೆಗೆ ಬಂತೆಂದರೆ ಅರ್ಧ ಗಂಟೆ ಅಲ್ಲೇ. ಒಂಬತ್ತು ದಿನದವರು ದಯವಿಟ್ಟು ವಿಮಾನ ಹತ್ತಿ. ಮನೆಯಲ್ಲಿ ಓಡಿಸುವವರು ಒಬ್ಬರೇ ಇದ್ದರೂ ಅಷ್ಟೇ, ವಿಮಾನವೇ ವಾಸಿ. ಎರಡು ವಾರ ಇದೆ, ಓಡಿಸಲು ಇಬ್ಬರಿದ್ದಾರೆ ಎನ್ನುವವರು ಮಾತ್ರ ಕಾರು ತೆಗೆಯಿರಿ. ತೆಗೆದ ಮೇಲೆ ಆ ದಾರಿಯನ್ನೂ ಪ್ರವಾಸ ಎಂದೇ ತಿಳಿಯಿರಿ.

ಯಾಕೆಂದರೆ ಆ ದಾರಿ ಅಷ್ಟು ಚೆನ್ನಾಗಿದೆ. ಮೊದಲ ದಿನ ಸೌತ್ ಡಕೋಟಾದ ಸೂ ಫಾಲ್ಸ್‌ವರೆಗೆ, ಸುಮಾರು 570 ಮೈಲಿ. ಅದೊಂದೇ ದೊಡ್ಡ ದಿನ. ವಿಸ್ಕಾನ್ಸಿನ್ ದಾಟುವಾಗ ಲಾ ಕ್ರಾಸ್ ಹತ್ತಿರ ಮಿಸಿಸಿಪ್ಪಿ ನದಿ ಸಿಗುತ್ತದೆ. ಆಮೇಲೆ ಜೋಳದ ಹೊಲ, ಹೊಲ, ಹೊಲ. ಎರಡನೇ ದಿನ ಚೇಂಬರ್ಲಿನ್ ಹತ್ತಿರ ಮಿಸ್ಸೂರಿ ನದಿ ಬರುವಷ್ಟರಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಹೊಲ ಮುಗಿದು ಹುಲ್ಲುಗಾವಲು ಶುರು. ನದಿಯ ಮೇಲ್ದಂಡೆಯ ರೆಸ್ಟ್ ಏರಿಯಾದಲ್ಲಿ 50 ಅಡಿ ಎತ್ತರದ ಒಂದು ಹೆಣ್ಣಿನ ಪ್ರತಿಮೆ ಇದೆ. 'ಡಿಗ್ನಿಟಿ' ಎಂದು ಹೆಸರು, 2016ರಲ್ಲಿ ನಿಲ್ಲಿಸಿದ್ದು. ಆ ನೆಲದ ಮೂಲನಿವಾಸಿ ಹೆಣ್ಣುಮಗಳು. ಬೆನ್ನ ಹಿಂದೆ ಎರಡೂ ಕೈಯಲ್ಲಿ ನಕ್ಷತ್ರದ ಚಿತ್ತಾರದ ಹೊದಿಕೆ ಹಿಡಿದು ನಿಂತಿದ್ದಾಳೆ. ಹೊದಿಕೆಯಲ್ಲಿ ನೂರಕ್ಕೂ ಹೆಚ್ಚು ನೀಲಿ ಲೋಹದ ತುಂಡುಗಳು, ಗಾಳಿಗೆ ಅಲುಗುತ್ತವೆ, ಬಿಸಿಲಿಗೆ ಹೊಳೆಯುತ್ತವೆ. ನಮ್ಮತ್ತೆ ಹುಬ್ಬಳ್ಳಿ ಕಡೆಯವರು. ಕಾರಿಂದ ಇಳಿದು ಸೊಂಟ ಸರಿಮಾಡಿಕೊಂಡು ತಲೆ ಎತ್ತಿದವರೇ ಮೊಮ್ಮಗಳಿಗೆ, "ನೋಡವಾ, ಕೌದಿ ಹೊತ್ಕೊಂಡ ನಿಂತಾಳ ಆಕಿ" ಅಂದರು. ಲಕೋಟಾ ಜನ ಇಂಥ ಕೌದಿಯನ್ನು ಮರ್ಯಾದೆಗೆ ಹೊದಿಸುತ್ತಾರೆ, ನಮ್ಮಲ್ಲಿ ಶಾಲು ಹೊದಿಸುವ ಹಾಗೆ. ಅದನ್ನು ಹೇಳಿದಾಗ ಅತ್ತೆ ಮತ್ತೆ ಹೋಗಿ, ಹೊಲಿಗೆ ಹೇಗೆ ಕೂಡಿಸಿದ್ದಾರೆ ಎಂದು ಒಂದೊಂದೇ ಸಾಲು ನೋಡುತ್ತಾ ನಿಂತರು. ವಿಮಾನದಲ್ಲಿ ಹೋಗಿದ್ದರೆ ಇದು ಸಿಗುತ್ತಿರಲಿಲ್ಲ.

ಮುಂದೆ ಬ್ಯಾಡ್‌ಲ್ಯಾಂಡ್ಸ್. ಇಂಟರ್‌ಸ್ಟೇಟ್ ಬಿಟ್ಟು 240ನೇ ನಂಬರಿನ ರಸ್ತೆಗೆ ಇಳಿದರೆ ಪದರ ಪದರವಾಗಿ ಬಣ್ಣ ಬದಲಿಸುವ ಮಣ್ಣಿನ ಗುಡ್ಡಗಳು. ಸಂಜೆ ಬಿಸಿಲಿಗೆ ನೋಡಬೇಕು. ದಾರಿಯುದ್ದಕ್ಕೂ ಕೈಬೀಸುವ ಬೋರ್ಡುಗಳ 'ವಾಲ್ ಡ್ರಗ್' ಅಂಗಡಿ ಅಲ್ಲೇ. 1931ರಲ್ಲಿ ಒಂದು ದಂಪತಿ ಕೊಂಡ ಸಣ್ಣ ಔಷಧಿ ಅಂಗಡಿ, ದಾರಿಹೋಕರಿಗೆ ಪುಕ್ಕಟೆ ಐಸ್ ನೀರು ಕೊಟ್ಟು ದೊಡ್ಡದಾಯಿತು. ಇವತ್ತಿಗೂ ಕೊಡುತ್ತಾರೆ. ಮೌಂಟ್ ರಷ್‌ಮೋರ್ ಎಲ್ಲರಿಗೂ ಗೊತ್ತು, 1927ರಿಂದ 1941ರವರೆಗೆ ಕೆತ್ತಿದ ನಾಲ್ಕು ಅಧ್ಯಕ್ಷರ ಮುಖ. ಅದಿರುವ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು 1868ರ ಒಪ್ಪಂದದಲ್ಲಿ ಲಕೋಟಾ ಮತ್ತು ಅವರ ಬಂಧು ಬುಡಕಟ್ಟುಗಳಿಗೇ ಬಿಟ್ಟುಕೊಟ್ಟು, ಚಿನ್ನ ಸಿಕ್ಕ ಮೇಲೆ ಕಿತ್ತುಕೊಂಡದ್ದನ್ನೂ ಮಕ್ಕಳಿಗೆ ಹೇಳಿ. ಇಲ್ಲೇ ಬೆಳೆಯುವ ಮಕ್ಕಳು ಅವು, ಗೊತ್ತಿರಬೇಕು. ಒಂದು ಎಚ್ಚರಿಕೆ: ಆಗಸ್ಟ್ ಮೊದಲ ಭಾಗದಲ್ಲಿ ಸ್ಟರ್ಜಿಸ್ ಊರಿನ ಮೋಟರ್‌ಸೈಕಲ್ ಜಾತ್ರೆ ನಡೆಯುತ್ತದೆ. ಆಗ ಆ ಕಡೆ ರೂಮು ಸಿಗುವುದೇ ಕಷ್ಟ.

ರ‍್ಯಾಪಿಡ್ ಸಿಟಿಯಲ್ಲಿ ಎರಡನೇ ರಾತ್ರಿ ಕಳೆದು, ಯೆಲ್ಲೋಸ್ಟೋನ್ ಹತ್ತಿರದ ಕೋಡಿ ಎಂಬ ಊರಿಗೆ ಮೂರನೇ ದಿನ. ಬಿಗ್‌ಹಾರ್ನ್ ಬೆಟ್ಟ ದಾಟಲು ಯುಎಸ್-16 ಹೆದ್ದಾರಿ ಹಿಡಿಯಿರಿ. ಏರು ನಿಧಾನ. ಆದರೂ ನೆತ್ತಿ 9,666 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಮೂರು ಸಾವಿರ ಅಡಿಗೂ ಮೇಲೆ. ಹೃದಯದ ತೊಂದರೆ, ಉಸಿರಿನ ತೊಂದರೆ ಇರುವ ಹಿರಿಯರಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ವಿಮಾನದಲ್ಲಿ ಹೋದರೂ ಇದು ತಪ್ಪಿದ್ದಲ್ಲ, ಯೆಲ್ಲೋಸ್ಟೋನ್‌ನ ಬಹುಪಾಲು ಏಳು ಸಾವಿರ ಅಡಿಗೂ ಮೇಲೇ ಇದೆ.

ಹಿರಿಯರ ವಿಷಯ ಬಂತಲ್ಲ, ಇನ್ನೆರಡು ಮಾತು. ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಎರಡು ಗಂಟೆಗೊಮ್ಮೆ ಇಳಿಸಿ ಓಡಾಡಿಸಿ. "ನನಗೇನೂ ಬೇಡಪ್ಪ, ನೀವು ನಡೀರಿ" ಅನ್ನುತ್ತಾರೆ, ನಂಬಬೇಡಿ. ಬಾತ್‌ರೂಮಿಗೆ ನಿಲ್ಲಿಸಿ ಎಂದು ಅಳಿಯನಿಗೆ ಹೇಳಲು ಸಂಕೋಚ, ಅದಕ್ಕೇ ನೀರೇ ಕುಡಿಯುವುದಿಲ್ಲ. ಇನ್ಸುಲಿನ್ ಬಿಸಿ ಕಾರಿನಲ್ಲಿ ಬಿಡಬೇಡಿ. ವಿಮಾನವಾದರೆ ಅದು ಕೈಚೀಲದಲ್ಲೇ ಇರಲಿ. ಅವರ ಪಾಸ್‌ಪೋರ್ಟು ಎರಡೂ ಪ್ರಯಾಣಕ್ಕೆ ಜೊತೆಗಿರಬೇಕು. ಏರ್‌ಪೋರ್ಟಿನ ಗಾಲಿಕುರ್ಚಿ ಸೇವೆಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿ. ಅದಕ್ಕೆ ದುಡ್ಡಿಲ್ಲ.

ವಿಮಾನದವರಿಗೆ ಹೇಳುವುದು ಕಡಿಮೆ. ಬೋಜ್‌ಮನ್‌ನಲ್ಲಿ ಇಳಿದರೆ ಪಾರ್ಕಿನ ಪಶ್ಚಿಮದ ಗೇಟಿಗೆ ಸುಮಾರು 90 ಮೈಲಿ. ಸಾಲ್ಟ್ ಲೇಕ್ ಸಿಟಿಯಿಂದ 320 ಮೈಲಿ ದೂರವಾದರೂ ಅಲ್ಲಿಗೆ ವಿಮಾನಗಳು ಹೆಚ್ಚು. ಪಾರ್ಕಿನ ಒಳಗೆ ಶಟಲ್ ಬಸ್ಸಿಲ್ಲ, ಬಾಡಿಗೆ ಕಾರು ಬೇಕೇ ಬೇಕು. ಟಿಕೆಟ್ ತೆಗೆಯುವ ದಿನವೇ ಅದನ್ನೂ ಬುಕ್ ಮಾಡಿ. ಮಗುವಿನ ಕಾರ್ ಸೀಟಿಗೆ ದೊಡ್ಡ ವಿಮಾನ ಸಂಸ್ಥೆಗಳು ಬೇರೆ ಚಾರ್ಜ್ ಮಾಡುವುದಿಲ್ಲ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ದೊಡ್ಡ ಸೂಟ್‌ಕೇಸಿಗೆ ಹಾಕಿ, ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ಎತ್ತಿಟ್ಟುಬಿಡುತ್ತಾರೆ. ವಯೋಮಿಂಗ್ ಕಡೆ ಸಸ್ಯಾಹಾರಿಗಳಿಗೆ ಸಿಗುವುದು ಬಹಳ ಕಡಿಮೆ. ಪುಟ್ಟ ರೈಸ್ ಕುಕ್ಕರ್, ಎರಡು ಸೇರು ಅಕ್ಕಿ, ಗೊಜ್ಜು, ಹುರಿದ ಅವಲಕ್ಕಿ ಇದ್ದರೆ ಯಾವ ಮೋಟೆಲಿನಲ್ಲೂ ರಾತ್ರಿ ಊಟ ಆಗುತ್ತದೆ.

ನಯಾಗರಾ ಹೊರಟವರಿಗೂ ಒಂದು ಮಾತು. ನಕ್ಷೆ ನೋಡಿದರೆ ಡೆಟ್ರಾಯ್ಟ್ ದಾಟಿ ಕೆನಡಾ ಒಳಗಿಂದ ಹೋಗುವುದು ಹತ್ತಿರ ಕಾಣುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದಿರುವ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಇಲ್ಲದಿದ್ದರೆ ಆ ದಾರಿ ಇಲ್ಲ. ಟೊಲೀಡೊ, ಕ್ಲೀವ್‌ಲ್ಯಾಂಡ್ ಮೇಲೆ ಸುತ್ತಿ ಹೋಗಬೇಕು.

ನಾಲ್ಕನೇ ತರಗತಿಯ ಮಗು ಇರುವ ಮನೆಯವರು 'ಎವೆರಿ ಕಿಡ್ ಔಟ್‌ಡೋರ್ಸ್' ಪಾಸ್ ಮರೆಯಬೇಡಿ. ಆಗಸ್ಟ್ ಕೊನೆಯವರೆಗೆ ನಡೆಯುತ್ತದೆ, ರಾಷ್ಟ್ರೀಯ ಉದ್ಯಾನಗಳಿಗೆ ಪುಕ್ಕಟೆ. ಕಾರಲ್ಲಿ ಹೋಗಿ ಬಂದವರು ದಸರಾ ಸಂಚಿಕೆಗೆ ಎರಡು ಪುಟ ಬರೆದು ಕಳಿಸಿ: ಎಲ್ಲಿ ತಂಗಿದಿರಿ, ಸಸ್ಯಾಹಾರ ಎಲ್ಲಿ ಸಿಕ್ಕಿತು, ಹಿರಿಯರಿಗೆ ಯಾವ ರೆಸ್ಟ್ ಏರಿಯಾ ಅನುಕೂಲವಾಯಿತು. ಮುಂದಿನ ಬೇಸಿಗೆಗೆ ಹೊರಡುವವರಿಗೆ ಅದನ್ನೆಲ್ಲ ಒಟ್ಟಿಗೆ ಅಚ್ಚು ಹಾಕೋಣ.