ಕೆಂಪು ಟೋಪಿಯ ಮೆರವಣಿಗೆ ದಳಕ್ಕೆ ನಮ್ಮ ಕುಟುಂಬದ ವಂದನೆಗಳು

ನಮ್ಮ ಮಗಳ ಬೆನ್ನುಮೂಳೆಯ ಬಾಗುವಿಕೆಗೆ ಕೆಲವು ವರ್ಷಗಳಿಂದ ನಡೆಯುತ್ತಿದ್ದ ಚಿಕಿತ್ಸೆ ಮುಗಿದಿದ್ದು, ಇನ್ನು ಬೆನ್ನಿಗೆ ಆಧಾರವಾಗಿ ಕಟ್ಟುವ ಬ್ರೇಸ್ ಧರಿಸಬೇಕಾಗಿಲ್ಲವೆಂದು ಫಿಲಡೆಲ್ಫಿಯಾದ ಶ್ರೈನರ್ಸ್ ಮಕ್ಕಳ ಆಸ್ಪತ್ರೆಯ ವೈದ್ಯರು ತಿಳಿಸಿದ್ದಾರೆ. ವೈದ್ಯರಿಗೂ ದಾದಿಯರಿಗೂ ನಾವು ಪ್ರತ್ಯೇಕವಾಗಿ ಪತ್ರ ಬರೆದಿದ್ದೇವೆ. ಈ ಬರಹ ಕುಚ್ಚಿನ ಕೆಂಪು ಫೆಜ್ ಟೋಪಿ ಧರಿಸಿ, ಡ್ರಮ್ ಬಾರಿಸುತ್ತ ಊರೂರಿನ ಮೆರವಣಿಗೆಗಳಲ್ಲಿ ಹೆಜ್ಜೆ ಹಾಕುವ ನಮ್ಮ ಭಾಗದ ದಳದವರಿಗೆ, ಅಂದರೆ ಈ ಆಸ್ಪತ್ರೆಗಳನ್ನು ಹುಟ್ಟುಹಾಕಿದ ಶ್ರೈನರ್ ಸಂಘದ ಸದಸ್ಯರಿಗೆ ಮೀಸಲು.

ಶ್ರೈನರ್ ಸಂಘವನ್ನು 1872ರಲ್ಲಿ ನ್ಯೂಯಾರ್ಕಿನ ಕೆಲವು ಫ್ರೀಮೇಸನ್ನರು, ಅಂದರೆ ಲಾಡ್ಜ್ ಎಂಬ ಶಾಖೆಗಳಲ್ಲಿ ಸೇರುವ ಒಂದು ಹಳೆಯ ಸೋದರ ಸಂಘದ ಸದಸ್ಯರು, ಕಟ್ಟಿದರು. ವಾಲ್ಟರ್ ಫ್ಲೆಮಿಂಗ್ ಎಂಬ ವೈದ್ಯರೂ ವಿಲಿಯಂ ಫ್ಲಾರೆನ್ಸ್ ಎಂಬ ನಟರೂ ಅವರಲ್ಲಿ ಮುಖ್ಯರು. ಲಾಡ್ಜಿನ ಗಂಭೀರ ವಿಧಿಗಳ ಆಚೆಗೆ ಸ್ನೇಹ ವಿನೋದಗಳಿಗೊಂದು ಜಾಗ ಬೇಕೆಂಬುದು ಅವರ ಉದ್ದೇಶವಾಗಿತ್ತು. ಅರಬ್ ಉಡುಗೆಯ ಕಾಲ್ದಳ, ವಾದ್ಯವೃಂದ, ವಿದೂಷಕರ ತಂಡ, ಪುಟಾಣಿ ಕಾರುಗಳ ಸಾಲು ಎಲ್ಲವೂ ಆ ವಿನೋದದ ಬಳಗಕ್ಕೆ ಒಂದೊಂದಾಗಿ ಸೇರಿದವು. ಆ ವೇಷವು ನಿಜವಾದ ಅರಬ್ ಲೋಕಕ್ಕಿಂತ ಅಂದಿನ ಅಮೆರಿಕನ್ನರ ಕಲ್ಪನೆಗೆ ಹತ್ತಿರವಾದುದು, ಮತ್ತು ನನಗೆ ಅದು ಇಂದಿಗೂ ಸ್ವಲ್ಪ ಮುಜುಗರ ತರುತ್ತದೆ. ಕಪ್ಪು ಫ್ರೀಮೇಸನ್ನರು 1893ರಲ್ಲಿ ಷಿಕಾಗೋದಲ್ಲಿ ತಮ್ಮದೇ ಶ್ರೈನರ್ ಸಂಘವನ್ನು ಕಟ್ಟಿಕೊಂಡಾಗ ಅವರು ಆ ಹೆಸರನ್ನೂ ಲಾಂಛನಗಳನ್ನೂ ಬಳಸಬಾರದೆಂದು ಬಿಳಿಯರ ಸಂಘ ಹೂಡಿದ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1929ರಲ್ಲಿ ಕಪ್ಪು ಶ್ರೈನರ್‌ಗಳ ಪರವಾಗಿ ಇತ್ಯರ್ಥವಾಯಿತು. ಉಪಕಾರ ನೆನೆಯುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಆಸ್ಪತ್ರೆಗಳು ಹುಟ್ಟಿದ ಕಥೆಯಲ್ಲಿಯೂ ಒಬ್ಬ ವಾದ್ಯಗಾರನಿದ್ದಾನೆ. ಫಿಲಡೆಲ್ಫಿಯಾದವರೇ ಆದ, ಮುಂದೆ ಆ ನಗರದ ಮೇಯರ್ ಕೂಡ ಆದ ಫ್ರೀಲ್ಯಾಂಡ್ ಕೆಂಡ್ರಿಕ್, ಪ್ರತಿಯೊಬ್ಬ ಸದಸ್ಯನೂ ವರ್ಷಕ್ಕೆ 2 ಡಾಲರ್ ಕೊಟ್ಟು ಅಂಗವಿಕಲ ಮಕ್ಕಳಿಗಾಗಿ ಆಸ್ಪತ್ರೆ ನಡೆಸೋಣವೆಂದು 1920ರ ಪೋರ್ಟ್‌ಲ್ಯಾಂಡ್ ಅಧಿವೇಶನದ ಮುಂದೆ ನಿರ್ಣಯವಿಟ್ಟಾಗ, ಸಭೆಯಲ್ಲಿ ಹಿಂಜರಿಕೆ ಕಾಣಿಸಿಕೊಂಡಿತು. ಆಗ ಅಟ್ಲಾಂಟಾದ ಫಾರೆಸ್ಟ್ ಅಡೇರ್ ಎದ್ದು ನಿಂತು, ಬೆಳಗಿನ ಜಾವ ತಮ್ಮನ್ನು ಎಚ್ಚರಿಸಿದ ಒಂಟಿ ತುತ್ತೂರಿಯ ಪ್ರಸ್ತಾಪವೆತ್ತಿದರು. ಬ್ಯಾಂಡಿನಿಂದ ತಪ್ಪಿಸಿಕೊಂಡ ಯಾರೋ ಒಬ್ಬ ಬೀದಿಯಲ್ಲಿ ಅಲೆಯುತ್ತ, ನೀರಗುಳ್ಳೆ ಊದುವುದರ ಬಗೆಗಿನ ಅಂದಿನ ಜನಪ್ರಿಯ ಹಾಡನ್ನು ನುಡಿಸುತ್ತಿದ್ದನಂತೆ. ನಾವೂ ಗುಳ್ಳೆಗಳನ್ನೇ ಊದುತ್ತಿದ್ದೇವಲ್ಲವೇ, ಹಾಡಿಗೂ ಬ್ಯಾಂಡಿಗೂ ಹಣ ಸುರಿದದ್ದಾಯಿತು, ಇನ್ನು ಮಾನವೀಯತೆಗೆ ಖರ್ಚು ಮಾಡೋಣ ಎಂದು ಅವರು ವಾದಿಸಿದರು. ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. 1922ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಮೊದಲ ಆಸ್ಪತ್ರೆಯೂ, 1926ರಲ್ಲಿ ಫಿಲಡೆಲ್ಫಿಯಾದ ಆಸ್ಪತ್ರೆಯೂ ಬಾಗಿಲು ತೆರೆದವು.

ಅಡೇರ್ ಅವರ ಮಾತು ಆ ದಿನಕ್ಕೆ ಬೇಕಾಗಿದ್ದ ಮಾತು. ಆದರೆ ಬ್ಯಾಂಡನ್ನೂ ಮಾನವೀಯತೆಯನ್ನೂ ಹಾಗೆ ಎದುರುಬದುರು ನಿಲ್ಲಿಸುವುದನ್ನು, ಈ ದಳವನ್ನು ಹತ್ತಿರದಿಂದ ಕಂಡ ಮೇಲೆ, ನಾನು ಒಪ್ಪಲಾರೆ. 1923ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಾವಿರಾರು ಶ್ರೈನರ್ ವಾದ್ಯಗಾರರನ್ನು, ಸ್ವತಃ ಶ್ರೈನರ್ ಆಗಿದ್ದ ಸಂಯೋಜಕ ಜಾನ್ ಫಿಲಿಪ್ ಸೂಸಾ ಒಂದೇ ಬ್ಯಾಂಡಾಗಿ ನುಡಿಸಿದಾಗ ಮೊದಲ ಆಸ್ಪತ್ರೆಗೆ ಇನ್ನೂ ಎಳವೆ. ಬೀದಿಯಲ್ಲಿ ಆ ಕೆಂಪು ಟೋಪಿಯನ್ನು ಕಂಡವರಿಗೇ ಆಸ್ಪತ್ರೆಯ ನೆನಪಾಗುವುದು, ದೇಣಿಗೆ ಕೊಡಬೇಕೆನ್ನಿಸುವುದು. ಸುಗ್ಗಿಯ ಕೆಲಸ ಮುಗಿಸಿ ರಾತ್ರಿ ಡೊಳ್ಳು ಹದಮಾಡಿಕೊಳ್ಳುವ ನಮ್ಮ ಕಡೆಯವರಂತೆ, ಇವರೂ ದುಡಿಮೆ ಮುಗಿಸಿಕೊಂಡು ಬಂದು ಕವಾಯತು ಮಾಡುತ್ತಾರೆ. ಸಾಲು ಓರೆಯಾದರೆ ನಾಯಕರು ಮೊದಲಿನಿಂದ ನಡೆಸುತ್ತಾರೆ.

1970ರ ದಶಕದ ಕೊನೆಗೆ 9 ಲಕ್ಷ ದಾಟಿದ್ದ ಶ್ರೈನರ್‌ಗಳ ಸಂಖ್ಯೆ ಆಮೇಲೆ ಬಹಳ ಕುಸಿದಿದೆ. ನಮ್ಮ ದಳದಲ್ಲಿಯೂ ಹೆಚ್ಚಿನವರು ನಿವೃತ್ತರು, ಮಂಡಿನೋವಿನಿಂದ ನಡೆಯಲಾಗದವರು ಹಿಂದಿನ ವಾಹನದಲ್ಲಿ ಕುಳಿತೇ ತಾಳ ಹಾಕುತ್ತಾರೆ. ಅವರಲ್ಲಿಯೇ ಕೆಲವರು ಸರದಿಯಂತೆ ಬಂದು, ನಸುಕಿನಲ್ಲಿಯೇ ನಮ್ಮನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು, ಪರೀಕ್ಷೆ ಮುಗಿಯುವವರೆಗೆ ಕಾದರು, ಪೆಟ್ರೋಲಿನ ಹಣವನ್ನೂ ಮುಟ್ಟಲಿಲ್ಲ. ಬ್ರೇಸ್ ಕಟ್ಟಿಕೊಂಡು ಶಾಲೆಗೆ ಹೋಗಲು ಮಗಳು ನಾಚಿಕೊಳ್ಳುತ್ತಿದ್ದ ದಿನಗಳಲ್ಲಿ ಅವಳ ಕೈಗೆ ಡ್ರಮ್ಮಿನ ಕೋಲುಗಳನ್ನು ಕೊಟ್ಟು ನಡಿಗೆಯ ತಾಳವನ್ನು ಕಲಿಸಿದ ಹಿರಿಯರಿಗೆ ನನ್ನ ಪತ್ನಿಯ ಪರವಾಗಿಯೂ ವಿಶೇಷ ನಮಸ್ಕಾರಗಳು.

ಇಲ್ಲಿನ ಕನ್ನಡ ಕುಟುಂಬಗಳ ಗಮನಕ್ಕೆ: ಮೂಳೆ, ಕೀಲು, ಬೆನ್ನುಹುರಿ, ಸುಟ್ಟಗಾಯ ಅಥವಾ ಸೀಳುತುಟಿಯ ತೊಂದರೆಯಿರುವ 18 ವರ್ಷದೊಳಗಿನ ಮಕ್ಕಳು ಶ್ರೈನರ್ಸ್ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೋರಬಹುದು. ಅದಕ್ಕೆ ಲಾಡ್ಜಿನ ಪರಿಚಯ ಬೇಕಿಲ್ಲ, ಹಣವಿಲ್ಲವೆಂಬ ಕಾರಣಕ್ಕೆ ಯಾರನ್ನೂ ಹಿಂದೆ ಕಳಿಸುವುದಿಲ್ಲ.