ಆ ಕಾಲು ಒಳಗಿಡು

ಮುಧೋಳ
ಮಂಗಳವಾರ ರಾತ್ರಿ

ಅಳಿಯಾ,

ನಿನ್ನ ಪತ್ರ ಓದಿದೆ. ಸಂಬಳ, ರೂಮು, ಮೆಸ್ಸಿನ ಊಟ ಎಲ್ಲ ನಿಮ್ಮವ್ವ ಹೇಳಿದ್ದಾಳೆ, ಅದು ಬಿಡು. ನಡುವೆ ಸುಮ್ನೆ ಒಂದು ಮಾತು ಬರೆದು ಮುಂದೆ ಹೋಗಿದ್ದೀಯ. ಆಪರೇಟರ್ ರಜೆ ಇದ್ದ, ಭಾರ ಎತ್ತಿ ಸಾಗಿಸುವ ಆ ಫೋರ್ಕ್‌ಲಿಫ್ಟ್ ನಾನೇ ಓಡಿಸಿದೆ, ತಿರುಗಿಸುವಾಗ ಒಂದು ಕಡೆ ಎದ್ದ ಹಾಗಾಯಿತು, ಬಿದ್ದರೆ ಜಿಗಿಯೋಣ ಅಂತ ಒಂದು ಕಾಲು ಹೊರಗೇ ಇಟ್ಟುಕೊಂಡಿದ್ದೆ ಅಂತ. ಆ ಒಂದು ಕಾಲು ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ.

ಜಿಗಿಯಬಾರದು ತಮ್ಮಾ. ಅದು ಚಕ್ಕಡಿ ಅಲ್ಲ. ನೀನು ಹಾರುವುದು ಹೆಚ್ಚಾಗಿ ಅದು ಬೀಳುವ ಕಡೆಗೇ. ತಲೆಯ ಮೇಲೆ ಕಬ್ಬಿಣದ ಚಪ್ಪರ ಇದೆಯಲ್ಲ, ಅದೇ ಬಂದು ಮೈಮೇಲೆ ಕೂರುತ್ತದೆ. ಕೂತು ಓಡಿಸುವ ಗಾಡಿಯಲ್ಲಿ ಬೆಲ್ಟ್ ಹಾಕಿ, ಸ್ಟೇರಿಂಗ್ ಗಟ್ಟಿ ಹಿಡಿದು, ಕಾಲು ಊರಿ, ಗಾಡಿ ಬೀಳುವ ಕಡೆಗಲ್ಲ, ಅದರ ವಿರುದ್ಧ ಕಡೆಗೆ ವಾಲಿ ಒಳಗೇ ಕೂತಿರಬೇಕು.

ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ನಾನು ಒಂದು ಗೋಡೌನ್‌ನಲ್ಲಿ ಲೆಕ್ಕ ಬರೆಯುತ್ತಿದ್ದಾಗಿನ ಮಾತು. ಊಟದ ಹೊತ್ತು. ಆಪರೇಟರ್ ಕೀ ಗಾಡಿಯಲ್ಲೇ ಬಿಟ್ಟು ಹೋಗಿದ್ದ. ಹಮಾಲಿ ಮಾಡುವ ಹುಡುಗ ಹತ್ತಿ ಕೂತ. ಲಾರಿಯವನು ಅವಸರ ಮಾಡುತ್ತಿದ್ದ, ನಾನೂ ಬೇಡ ಅನ್ನಲಿಲ್ಲ. ಚೀಲ ಪೇರಿಸಿದ ಹಲಗೆಯನ್ನು ಎದೆಮಟ್ಟಕ್ಕೆ ಎತ್ತಿಕೊಂಡೇ ಇಳಿಜಾರಿನಲ್ಲಿ ತಿರುಗಿಸಿದ. ಗಾಲಿ ನೆಲ ಬಿಟ್ಟಿತು. ಅವನು ನನ್ನ ಮುಖ ನೋಡಿದ. ನಾನು ‘ಜಿಗಿಯೋ’ ಅಂತ ಕೂಗಿದೆ.

ಜಿಗಿದ. ಒಂದು ಕಾಲು ಮೊಣಕಾಲಿನ ಕೆಳಗೆ ಹೋಯಿತು. ಆಮೇಲೆ ನೋಡಿದರೆ ಸೀಟಿನ ಬೆನ್ನಿಗೆ ಕಟ್ಟಿದ್ದ ಅವನ ಟವೆಲ್ ಕಟ್ಟಿದ ಹಾಗೇ ಇತ್ತು. ಆ ಜಾಗಕ್ಕೆ ಏನೂ ತಾಗಿರಲಿಲ್ಲ.

ಎರಡು ಟ್ರಾಲಿ ಕಬ್ಬು ಎಳೆದವನಿಗೆ ಇದೇನು ಮಹಾ ಅಂತೀಯ. ಒಪ್ಪಿದೆ. ಆದರೆ ಟ್ರ್ಯಾಕ್ಟರ್ ಮುಂದಿನ ಗಾಲಿಯಿಂದ ತಿರುಗುತ್ತದೆ, ಇದು ಹಿಂದಿನ ಗಾಲಿಯಿಂದ, ಹಿಂದಿನ ಭಾಗ ಬೀಸಿಕೊಂಡು ಬಂದು ಪಕ್ಕದಲ್ಲಿ ನಿಂತವನಿಗೆ ಬಡಿಯುತ್ತದೆ. ಹಿಂದಿನ ಅಚ್ಚು ನಟ್ಟನಡುವೆ ಒಂದೇ ಜಾಗದಲ್ಲಿ ಗಾಡಿಗೆ ಆತು ನಿಂತಿರುತ್ತದೆ. ನಾಲ್ಕು ಗಾಲಿ ಕಂಡರೂ ಲೆಕ್ಕಕ್ಕೆ ಮೂರು ಕಾಲಿನ ಸ್ಟೂಲು. ಖಾಲಿ ಇತ್ತು, ಭಾರ ಇರಲಿಲ್ಲ ಅಂತ ಬೇರೆ ಬರೆದಿದ್ದೀಯ. ಖಾಲಿ ಇದ್ದಾಗಲೇ ತೂಕವೆಲ್ಲ ಹಿಂದಿರುತ್ತದೆ, ಆ ಒಂಟಿ ಕಾಲಿನ ಕಡೆ. ಜೋರಾಗಿ ತಿರುಗಿಸಿದರೆ ಮಗ್ಗಲಾಗುವುದು ಇನ್ನೂ ಸುಲಭ. ಅದಕ್ಕೇ ನಿನಗೆ ಎದ್ದ ಹಾಗಾಗಿದ್ದು.

ನಾನೇನು ಆಪರೇಟರ್ ಅಲ್ಲ, ನಿನಗೆ ಪಾಠ ಹೇಳುವಷ್ಟು ದೊಡ್ಡವನೂ ಅಲ್ಲ. ಓಡಾಡುವಾಗ ಫೋರ್ಕ್, ಅಂದರೆ ಭಾರ ಎತ್ತುವ ಮುಂದಿನ ಕಬ್ಬಿಣದ ತೋಳು, ನೆಲದಿಂದ ಗೇಣಿಗಿಂತ ಕೆಳಗಿರಲಿ. ಭಾರ ಇದ್ದರೆ ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸಬೇಕು, ಭಾರ ಮೇಲಿನ ಕಡೆಗೇ ಇರಬೇಕು, ಅಲ್ಲಿ ತಿರುಗಿಸುವ ಮಾತೇ ಇಲ್ಲ. ಗಾಡಿಗೆ ಹೊಡೆದ ಪ್ಲೇಟಿನ ಮೇಲೆ 2500 ಕೆಜಿ, 500 ಮಿ.ಮೀ. ಅಂತಿದ್ದರೆ ಭಾರದ ನಡುಮಧ್ಯ ಫೋರ್ಕಿನ ಬುಡದಿಂದ ಅಷ್ಟು ದೂರದೊಳಗೆ ಇದ್ದಾಗ ಮಾತ್ರ ಆ ಲೆಕ್ಕ. ಬೆಳಗಾವಿಯ ನಿಮ್ಮ ಉದ್ಯಮಬಾಗ್ ಫೌಂಡ್ರಿಯಲ್ಲಿ ಎರಕ ಹೊಯ್ದ ಉದ್ದನೆಯ ತುಂಡು ಎತ್ತಿದರೆ ಅಷ್ಟು ತಾಳುವುದಿಲ್ಲ. ಜಾಸ್ತಿ ಹೇಳಿದೆನೇನೋ, ಇವೆಲ್ಲ ಕಲಿಸುವವರು ಕಲಿಸಬೇಕಾದ್ದು.

ಹೊಸ ಕೆಲಸ, ನನಗೆ ಬರಲ್ಲ ಅನ್ನಲು ನಾಚಿಕೆ ಆಗುತ್ತದೆ, ಗೊತ್ತು. ಟ್ರೇನಿಂಗ್ ಕೊಡಿಸಿ ಸರ್, ಆಮೇಲೆ ಓಡಿಸ್ತೀನಿ ಅಂತ ಸೂಪರ್‌ವೈಸರ್‌ಗೆ ಒಂದು ಸಲ ಹೇಳಿ ನೋಡು. ಅದು ಅವರೇ ಕೊಡಿಸಬೇಕಾದ್ದು, ಭಿಕ್ಷೆ ಅಲ್ಲ. ಬೈದರೆ ಬೈಯಲಿ.

ಆ ಹುಡುಗ ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದ. ಹುಡುಗ ಅಂತೀನಿ, ತಲೆ ಪೂರ್ತಿ ಬೆಳ್ಳಗಾಗಿದೆ. ‘ಚಹಾ ಕುಡೀರಿ ಸಾಹೇಬ್ರೆ’ ಅಂದ. ದುಡ್ಡೂ ಅವನೇ ಕೊಟ್ಟ. ಕೂಗಿದ್ದು ನಾನೇ ಅಂತ ಅವನಿಗೆ ನೆನಪಿದೆಯೋ ಇಲ್ಲವೋ, ಕೇಳಲು ಧೈರ್ಯ ಆಗಲಿಲ್ಲ.

ನಾಳೆ ಆ ಗಾಡಿಗೆ ಬೆಲ್ಟ್ ಇದೆಯಾ ನೋಡು. ಎಷ್ಟೋ ಕಡೆ ಸೀಟಿನ ಸಂದಿಯಲ್ಲಿ ತುರುಕಿರುತ್ತಾರೆ, ಬೆರಳು ಹಾಕಿ ಎಳೆದು ನೋಡಬೇಕು. ನೋಡಿ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಮಾಮಾ