ಬಾಣಲೆ ಮುಂದೆ ನಿಂತ ಕೈಗಳಿಗೆ

ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ ಮುಗಿಯಿತು. ಕಿಡ್ಯೊ, ನೆವ್ರಿ, ಕೊಕ್ಕಿಸ್, ತುಕ್ಡಿ, ಚಕ್ಕುಲಿ ಎಲ್ಲ ಪೊಟ್ಟಣಗಳಾಗಿ ವಾರ್ಡಿನ ಮನೆಗಳಿಗೆ, ನೆರೆಯ ಹಿಂದೂ ಮುಸ್ಲಿಂ ಮನೆಗಳಿಗೆ, ಹಾಸಿಗೆ ಹಿಡಿದವರ ಕೈಗೆ ತಲುಪಿವೆ. ಮೈದಾ, ಸಕ್ಕರೆ, ತೆಂಗಿನಕಾಯಿ ಕೊಟ್ಟವರಿಗೆ ಬಲಿಪೂಜೆಯ ಕೊನೆಯಲ್ಲಿ ವಂದನೆ ಹೇಳಿ ಆಗಿದೆ. ಚರ್ಚಿನ ಅಡುಗೆಮನೆಯ ನಮ್ಮೆಲ್ಲರ ಪರವಾಗಿ ಈ ಬರಹ ಕೈ ಸುಟ್ಟುಕೊಂಡವರಿಗೆ. ಮುಂಗೈ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಗುರುತು ಎದ್ದರೂ "ಏನಿಲ್ಲ ಬಿಡಿ" ಎಂದು ಜಾಲರಿ ಸೌಟನ್ನು ಕೆಳಗಿಡದವರಿಗೆ.

ಅತಿ ಹೆಚ್ಚು ಕೈ ಸುಡುವುದು ಕೊಕ್ಕಿಸ್ ಮಾಡುವಾಗ, ಅಂದರೆ ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವಾಗ. ಕಾಲು ಕಿಲೋ ಮೈದಾಕ್ಕೆ ಒಂದು ಮೊಟ್ಟೆ, ಒಂದು ಲೋಟ ದಪ್ಪ ತೆಂಗಿನಹಾಲು, ನಾಲ್ಕು ಚಮಚ ಸಕ್ಕರೆ, ಚಿಟಿಕೆ ಉಪ್ಪು. ಹಿಟ್ಟು ತೆಳು ದೋಸೆಯ ಹದಕ್ಕೆ ಬರಬೇಕು. ಹೂವಿನ ಅಚ್ಚು ಎರಡು ಮೂರು ನಿಮಿಷ ಎಣ್ಣೆಯಲ್ಲೇ ಕಾಯಬೇಕು. ಕಾಯದ ಅಚ್ಚಿಗೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮುಳುಗಿದರೆ ಸಾಕು, ಮೇಲಂಚು ಒಣಗಿಯೇ ಇರಬೇಕು. ಅಂಚು ದಾಟಿತೋ, ಹಿಟ್ಟು ಟೋಪಿಯ ಹಾಗೆ ಮೇಲಿನಿಂದ ಮುಚ್ಚಿಕೊಂಡು ಹೂವು ಅಚ್ಚಿನಿಂದ ಬಿಡುವುದೇ ಇಲ್ಲ. ಆಗ ಅಚ್ಚನ್ನು ಜೋರಾಗಿ ಕುಲುಕುತ್ತೇವೆ, ಎಣ್ಣೆ ಚಿಮ್ಮಿ ಮಣಿಕಟ್ಟಿಗೆ ಬೀಳುತ್ತದೆ. ಒದ್ದೆ ಅಚ್ಚು ಇನ್ನೂ ಅಪಾಯ. ನೀರು ಹಬೆಯಾಗುವಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. 170–180 ಡಿಗ್ರಿಯ ಎಣ್ಣೆಯ ಅಡಿಯಲ್ಲಿ ಒಂದು ಹನಿ ಹಾಗೆ ಹಿಗ್ಗಿದರೆ ಮೇಲಿನ ಎಣ್ಣೆ ಎಲ್ಲಿಗೆ ಹೋಗಬೇಕು?

ಹೂರಣ ತುಂಬಿ ಕರಿಯುವ ನೆವ್ರಿಯದು ಬೇರೆ ತಕರಾರು. ಹೂರಣ ಅತಿಯಾಗಿ ತುಂಬಿದರೆ, ಅಂಚು ಸರಿಯಾಗಿ ಒತ್ತದಿದ್ದರೆ ಬಾಯಿ ಬಿಡುತ್ತದೆ. ಒಳಗಿನ ಸಕ್ಕರೆ ತಳ ಸೇರಿ ಕರಕಲಾಗುತ್ತದೆ, ಕಾಯಿತುರಿ ಸಿಡಿಯುತ್ತದೆ, ಮುಂದಿನ ಒಬ್ಬೆಯೆಲ್ಲ ಕಹಿ.

ಸುಟ್ಟ ಕೂಡಲೇ ಮಾಡಬೇಕಾದದ್ದು ಸರಳ, ಆದರೂ ಕೆಲಸದ ಭರದಲ್ಲಿ ಯಾರೂ ಪೂರ್ತಿ ಮಾಡುವುದಿಲ್ಲ. ಮೊದಲು ಉಂಗುರ, ಬಳೆ ತೆಗೆಯಿರಿ. ಊದಿದ ಮೇಲೆ ಬರುವುದಿಲ್ಲ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಯಬೇಕು. ಉರಿ ಎರಡೇ ನಿಮಿಷಕ್ಕೆ ತಗ್ಗಿದಂತೆ ಅನಿಸಿದರೂ ಚರ್ಮದ ಒಳಪದರದಲ್ಲಿ ಶಾಖ ಇನ್ನೂ ಇರುತ್ತದೆ. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಹೆಚ್ಚು ಮಾಡುತ್ತದೆ. ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಶಾಯಿ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ಒಳಗಿನ ಹಸಿ ಚರ್ಮಕ್ಕೆ ಅದೇ ಹೊದಿಕೆ. ಗಾಯ ನಿಮ್ಮ ಅಂಗೈಯಷ್ಟಿದ್ದರೆ, ಮುಖಕ್ಕೋ ಬೆರಳ ಗಂಟಿಗೋ ತಾಗಿದ್ದರೆ ನೇರ ಆಸ್ಪತ್ರೆಗೆ.

ಆ 20 ನಿಮಿಷ ನಲ್ಲಿಯ ಹತ್ತಿರ ನಿಲ್ಲುವುದು ಸೋಮಾರಿತನವಲ್ಲ. ನೋವನ್ನು ದೇವರಿಗೆ ಅರ್ಪಿಸಿದ್ದೇವೆ ಎಂದು ಔಷಧಿ ಬಿಡುವುದು ಭಕ್ತಿಯಲ್ಲ. ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಕಷ್ಟದ ಪಾತ್ರೆ ತನ್ನಿಂದ ದೂರವಾಗಲಿ ಎಂದೇ ಮೊದಲು ಕೇಳಿದರು. ಕೈ ತಣ್ಣಗಾಗುತ್ತಿರುವಾಗಲೇ, ಉಳಿದ ಚುರುಚುರು ಉರಿಯನ್ನು ಒಬ್ಬರ ಹೆಸರು ಹಿಡಿದು ಒಪ್ಪಿಸಬಹುದು: ಪೊಟ್ಟಣ ತಲುಪಬೇಕಾದ ಮನೆಯ ಹೆಸರು, ಈ ಕ್ರಿಸ್ಮಸ್ಸಿಗೆ ಮಗ ಊರಿಗೆ ಬಾರದ ತಾಯಿಯ ಹೆಸರು. "ಸ್ವಾಮೀ, ಇದೂ ನಿನಗೆ, ಅವರಿಗಾಗಿ." ಇಷ್ಟೇ ಪ್ರಾರ್ಥನೆ. ಬೆಳಗಿನ ಅರ್ಪಣೆಯ ಪ್ರಾರ್ಥನೆಯಲ್ಲಿ ದಿನದ ಕೆಲಸ, ಸಂತೋಷ, ಕಷ್ಟವನ್ನೆಲ್ಲ ಒಟ್ಟಿಗೆ ಕೊಡುತ್ತೇವಲ್ಲ, ಅದರದೇ ಒಂದು ಚೂರು ಇದು.

ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ಭರವಸೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಈ ಹಳೆಯ ರೂಢಿಯನ್ನೇ ನೆನಪಿಸಿದ್ದಾರೆ. ದಿನವೂ ಚುಚ್ಚುವ ಸಣ್ಣಪುಟ್ಟ ಕಷ್ಟಗಳನ್ನು ಕ್ರಿಸ್ತನ ಕರುಣೆಯೊಳಗೆ ಸೇರಿಸಬಹುದು ಎನ್ನುತ್ತಾರೆ. ಹಿಂದೆ ಇದರಲ್ಲಿ ಅತಿರೇಕಗಳೂ ಆಗಿರಬಹುದೆಂದು ಒಪ್ಪುತ್ತಾರೆ. ಆ ಎಚ್ಚರವೂ ನಮಗೆ ಅಮೂಲ್ಯ.

ನಮ್ಮ ಅಡುಗೆಮನೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ. ಪುನರುತ್ಥಾನರಾದ ಯೇಸು ತಿಬೇರಿಯ ಸರೋವರದ ದಡದಲ್ಲಿದ್ದಾರೆ. ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ರಾತ್ರಿಯೆಲ್ಲ ಬಲೆ ಬೀಸಿ ದಣಿದವರನ್ನು "ಬನ್ನಿ, ಊಟ ಮಾಡಿ" ಎಂದು ಕರೆಯುತ್ತಾರೆ. ಒಂದು ಅಧ್ಯಾಯದ ಹಿಂದೆ, ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ ಕೈಗಳೇ ಅವು. ಮೊಳೆಯ ಗುರುತು ಇರುವ ಕೈ, ಬೆಂಕಿಯ ಪಕ್ಕದಲ್ಲಿ, ಇನ್ನೊಬ್ಬರಿಗೆ ರೊಟ್ಟಿ ಕೊಡುತ್ತಿದೆ.

ಬಾಚಣಿಗೆ ಮೇಲೆ ಕಿಡ್ಯೊ ಒತ್ತಿದ ಅಜ್ಜಿಯರಿಗೂ ಇದೇ ವಂದನೆ. ಗೋಲಿಗಿಂತ ಚಿಕ್ಕ ಉಂಡೆಯನ್ನು ಹಲ್ಲುಗಳ ಮೇಲೆ ಹೆಬ್ಬೆರಳಲ್ಲಿ ಚಪ್ಪಟೆ ಮಾಡಿ, ತುದಿಯಿಂದ ಸುತ್ತಿ ತೆಗೆಯುವ ಕೆಲಸ; ನೂರು ದಾಟುವಾಗ ಬೆರಳ ತುದಿ ಕೆಂಪಾಗಿ ಜುಮುಗುಡುತ್ತದೆ. ಅವರು ಜಪಸರ ಹೇಳುತ್ತಲೇ ಒತ್ತಿದರು. ಯುವಜನರು ಸಿಲಿಂಡರ್ ಹೊತ್ತರು, ಎಣ್ಣೆ ಸೋಸಿದರು, ಪೊಟ್ಟಣ ಹಂಚಿದರು. ದೇವರು ಎಲ್ಲರಿಗೂ ಒಳ್ಳೆಯದು ಮಾಡಲಿ.

ಅಚ್ಚುಗಳನ್ನು ಸೋಪು ಹಾಕಿ ತೊಳೆದಿಲ್ಲ, ಬಿಸಿ ಇರುವಾಗಲೇ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಬಾಚಣಿಗೆಗಳೂ ಅಲ್ಲೇ ಇವೆ. ಮುಂದಿನ ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಿಗೆ, ಉದ್ದ ಹಿಡಿಯ ಎರಡು ಜಾಲರಿ ಸೌಟು ಬೇಕಾಗುತ್ತವೆ. ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ.